ಹತ್ತು ನಿಮಿಷದಲ್ಲಿ ವಿಮಾನ ನಿಲ್ದಾಣ

2020ರ ಸೆಪ್ಟೆಂಬರ್ ಕೊನೆಯ ವಾರ. ಕೊರೊನಾದ ಮೊದಲ ಅಲೆ ಇನ್ನೂ ಇಳಿದಿರಲಿಲ್ಲ. ವಿಮಾನಗಳು ಅರೆಬರೆ ಹಾರುತ್ತಿದ್ದವು, ಬೆಂಗಳೂರಿನಲ್ಲಿ ಮೆಟ್ರೊ ಮತ್ತೆ ಶುರುವಾಗಿ ಕೆಲವೇ ವಾರ ಆಗಿತ್ತು. ಇಂಥ ಹೊತ್ತಿನಲ್ಲಿ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಒಂದು ಸುದ್ದಿ ಭರ್ಜರಿಯಾಗಿ ಓಡಿತು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಗರದ ನಡುವಿಗೆ ಇನ್ನು ಹತ್ತೇ ನಿಮಿಷ! ಗಾಳಿ ತೆಗೆದ ಕೊಳವೆಯೊಳಗೆ ಗಂಟೆಗೆ 1,080 ಕಿಲೋಮೀಟರ್ ವೇಗದಲ್ಲಿ ಓಡುವ ಹೈಪರ್‌ಲೂಪ್ ಬಂಡಿ! ವಿಮಾನ ನಿಲ್ದಾಣವನ್ನು ನಡೆಸುವ ಬಿಐಎಎಲ್ ಸಂಸ್ಥೆಯೂ ಅಮೆರಿಕದ ವರ್ಜಿನ್ ಹೈಪರ್‌ಲೂಪ್ ಕಂಪನಿಯೂ ಒಂದು ಎಂಒಯುಗೆ, ಎಂದರೆ ಒಡಂಬಡಿಕೆ ಪತ್ರಕ್ಕೆ, ಸಹಿ ಹಾಕಿದ್ದವು. ಆ ಎಂಒಯು ಹೇಳಿದ್ದು ಇಷ್ಟೇ: ಇಂಥದ್ದೊಂದು ಸಾಧ್ಯವೇ ಎಂದು ಆರಾರು ತಿಂಗಳ ಎರಡು ಹಂತಗಳಲ್ಲಿ ಅಧ್ಯಯನ ಮಾಡೋಣ. ಆದರೆ ಓದಿದವರ ಮನಸ್ಸಿನಲ್ಲಿ ಕೊಳವೆ ಆಗಲೇ ಹಾಕಿಯಾಗಿತ್ತು, ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತ ವಾಹನಗಳ ಸಾಲಿನ ಪಕ್ಕದಲ್ಲೇ ಬಂಡಿ ಸುಯ್ಯನೆ ಹಾದುಹೋಗಿಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮ ಸುದ್ದಿಮನೆಗಳದ್ದು ಯಾವತ್ತೂ ಎತ್ತಿದ ಕೈ.

ಆ ಕಂಪನಿ 2023ರ ಕೊನೆಗೆ ಬಾಗಿಲು ಹಾಕಿತು. ಕೊಳವೆ ಎಲ್ಲಿಯೂ ಬರಲಿಲ್ಲ. "ನೋಡಿ, ಎಲ್ಲ ಬರೀ ಬೊಗಳೆ" ಎಂದು ನಗುವುದು ಈಗ ಸುಲಭ. ಆದರೆ ಫಲಿತಾಂಶ ಬಂದ ಮೇಲೆ ನಗುವುದರಲ್ಲಿ ಜಾಣತನವೇನಿದೆ? ಸುದ್ದಿ ಬಂದ ಆ ಬೆಳಿಗ್ಗೆಯೇ, ಎಂಜಿನಿಯರಿಂಗ್ ಓದದ ಸಾಮಾನ್ಯ ಓದುಗನೊಬ್ಬ, ಕೈಯಲ್ಲಿ ಬರೀ ಪೆನ್ನು ಹಿಡಿದು, ಇದರಲ್ಲಿ ಗಟ್ಟಿ ಎಷ್ಟು ಜೊಳ್ಳು ಎಷ್ಟು ಎಂದು ಕಂಡುಕೊಳ್ಳಬಹುದಿತ್ತೇ? ಕಂಡುಕೊಳ್ಳಬಹುದಿತ್ತು ಎಂಬುದು ನನ್ನ ವಾದ. ಪಿಯುಸಿಯ ಭೌತಶಾಸ್ತ್ರವೂ ಬೇಡ, ಹೈಸ್ಕೂಲಿನದೇ ಸಾಕು.

ಲೆಕ್ಕ ಹಾಕೋಣ. ಗಂಟೆಗೆ 1,080 ಕಿಲೋಮೀಟರ್ ಎಂದರೆ ಸೆಕೆಂಡಿಗೆ 300 ಮೀಟರ್. ನಿಂತಿರುವ ಬಂಡಿ ಆ ವೇಗ ಮುಟ್ಟಬೇಕಾದರೆ ನಿಧಾನವಾಗಿ ಏರಬೇಕು. ನಮ್ಮ ಮೆಟ್ರೊ ನಿಲ್ದಾಣ ಬಿಡುವಾಗ ಜನ ಕಂಬಿ ಹಿಡಿದುಕೊಳ್ಳುತ್ತಾರಲ್ಲ, ಆಗ ಅದರ ವೇಗ ಪ್ರತಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ಹೆಚ್ಚುತ್ತಿರುತ್ತದೆ. ಅದೇ ಹದದಲ್ಲಿ ಏರಿದರೆ 300 ಮುಟ್ಟಲು 300 ಸೆಕೆಂಡ್, ಎಂದರೆ ಐದು ನಿಮಿಷ ಬೇಕು. ಆ ಐದು ನಿಮಿಷದಲ್ಲಿ ಬಂಡಿ ಸಾಗುವ ದೂರ 45 ಕಿಲೋಮೀಟರ್. ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಇರುವುದೇ 35 ಕಿಲೋಮೀಟರಿನ ಆಸುಪಾಸು. ಹಾಗಾಗಿ ದೇವನಹಳ್ಳಿ ಕಡೆಯಿಂದ ಹೊರಟ ಬಂಡಿ ಪೂರ್ತಿ ವೇಗ ಮುಟ್ಟುವ ಹೊತ್ತಿಗೆ ಮೆಜೆಸ್ಟಿಕ್ ದಾಟಿ ರಾಜರಾಜೇಶ್ವರಿ ನಗರದಲ್ಲಿರುತ್ತದೆ. ಅಲ್ಲೇ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೊಂದು 45 ಕಿಲೋಮೀಟರ್ ಬೇಕು. ನೀವು ಇಳಿಯುವುದು ರಾಮನಗರದ ಆಚೆ, ಚನ್ನಪಟ್ಟಣದ ಹತ್ತಿರ. ಗೊಂಬೆ ತರಬೇಕೆಂದಿದ್ದವರಿಗೆ ಅನುಕೂಲ.

ಪಕ್ಷಪಾತ ಆಗಬಾರದು, ಇನ್ನೂ ಜೋರಾಗಿ ಏರಿಸಿ ನೋಡೋಣ. ರನ್‌ವೇ ಮೇಲೆ ವಿಮಾನ ನುಗ್ಗುವಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಅಷ್ಟು, ಸೆಕೆಂಡಿಗೆ 3 ಮೀಟರ್ ಎಂದಿಟ್ಟುಕೊಳ್ಳಿ. ಆಗ ಏರಲು 15 ಕಿಲೋಮೀಟರ್, ಇಳಿಯಲು 15 ಕಿಲೋಮೀಟರ್. ನಡುವೆ ಉಳಿಯುವ 5 ಕಿಲೋಮೀಟರ್ ಮಾತ್ರ ಆ ಜಂಬದ ವೇಗದಲ್ಲಿ ಓಡುತ್ತದೆ, ಹದಿನೇಳು ಸೆಕೆಂಡ್ ಕಾಲ. ಅಷ್ಟಕ್ಕಾಗಿ ಅಜ್ಜಿಯಿಂದ ಹಸುಗೂಸಿನವರೆಗೆ ಎಲ್ಲರೂ ಬೆಲ್ಟ್ ಬಿಗಿದು ಕೂತಿರಬೇಕು.

ಇನ್ನೊಂದು ಕಡೆಯಿಂದ ನೋಡಿ. 35 ಕಿಲೋಮೀಟರಿಗೆ ಹತ್ತು ನಿಮಿಷ ಎಂದರೆ ಸರಾಸರಿ ಗಂಟೆಗೆ 210. ಮೆಟ್ರೊ ಹದದಲ್ಲೇ ಏರಿ ಇಳಿಯುವ ರೈಲು 240ರ ಒಳಗಿನ ವೇಗದಲ್ಲಿ ಓಡಿದರೆ ಹತ್ತು ನಿಮಿಷದಲ್ಲಿ ತಲುಪುತ್ತದೆ. ಅಷ್ಟಕ್ಕೆ ಗಾಳಿಯಿಲ್ಲದ ಕೊಳವೆ ಯಾಕೆ? ಜಪಾನಿನಲ್ಲಿ, ಫ್ರಾನ್ಸಿನಲ್ಲಿ ಸಾಮಾನ್ಯ ಹಳಿಯ ಮೇಲೆ ಅದಕ್ಕಿಂತ ಜೋರಾಗಿ ಓಡುವ ರೈಲುಗಳು ದಶಕಗಳಿಂದ ಇವೆ. ಶಾಂಘೈನಲ್ಲಿ ವಿಮಾನ ನಿಲ್ದಾಣದಿಂದ 30 ಕಿಲೋಮೀಟರ್ ದೂರವನ್ನು ಎಂಟು ನಿಮಿಷದಲ್ಲಿ ಮುಗಿಸುವ ಮ್ಯಾಗ್ಲೆವ್ ರೈಲು, ಆಯಸ್ಕಾಂತದ ಬಲದಿಂದ ತೇಲಿಕೊಂಡು, ತೆರೆದ ಗಾಳಿಯಲ್ಲೇ, 2004ರಿಂದ ಹಲವು ವರ್ಷ ಗಂಟೆಗೆ 431 ಕಿಲೋಮೀಟರ್ ವೇಗದಲ್ಲಿ ಓಡಾಡಿತ್ತು. ಆ ರೈಲು ಊರಿನ ನಡುವಿಗೆ ಹೋಗುವುದಿಲ್ಲ. ಲಾಂಗ್‌ಯಾಂಗ್ ರಸ್ತೆಯ ನಿಲ್ದಾಣದಲ್ಲಿ ಇಳಿದು, ಸೂಟ್‌ಕೇಸು ಎಳೆದುಕೊಂಡು ಮೆಟ್ರೊ ಹಿಡಿಯಬೇಕು. ಎಂಟು ನಿಮಿಷದಲ್ಲಿ ಉಳಿಸಿದ ಸಮಯವೆಲ್ಲ ಆ ಬದಲಾವಣೆಯಲ್ಲೇ ಖರ್ಚಾಗುತ್ತದೆ. ಅಂಥದ್ದನ್ನು ಕಟ್ಟಿ ನೋಡಿದ ಚೀನಾ ಮುಂದೆ ಸಾವಿರಾರು ಕಿಲೋಮೀಟರ್ ಉದ್ದಕ್ಕೆ ವೇಗದ ರೈಲು ಮಾರ್ಗ ಹಾಕುವಾಗ ಆರಿಸಿಕೊಂಡದ್ದು ಹಳೆಯ ಉಕ್ಕಿನ ಗಾಲಿ, ಉಕ್ಕಿನ ಹಳಿಯನ್ನೇ.

ಹೈಪರ್‌ಲೂಪಿನ ಮೂಲ ಕಲ್ಪನೆ ಪೆದ್ದುತನದ್ದಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಾಳಿಯನ್ನೇ ತೆಗೆದುಬಿಟ್ಟರೆ ಆ ತಡೆಯೇ ಇರುವುದಿಲ್ಲ. 2013ರ ಆಗಸ್ಟ್‌ನಲ್ಲಿ ಇಲಾನ್ ಮಸ್ಕ್ ಹೊರಬಿಟ್ಟ ದಾಖಲೆಯಲ್ಲಿ ಕೊಳವೆಯೊಳಗಿನ ಒತ್ತಡವನ್ನು ಹೊರಗಿನ ಗಾಳಿಯ ಸಾವಿರದಲ್ಲೊಂದು ಪಾಲಿಗೆ ಇಳಿಸುವ ಲೆಕ್ಕವಿತ್ತು. ಲಾಸ್ ಏಂಜಲೀಸ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊ ಕಡೆಗೆ 35 ನಿಮಿಷ, 20 ಡಾಲರ್ ಟಿಕೆಟ್, ಕಟ್ಟಲು 600 ಕೋಟಿ ಡಾಲರ್. ಕ್ಯಾಲಿಫೋರ್ನಿಯಾ ಸರ್ಕಾರ ಆಗ ಒಪ್ಪಿದ್ದ ವೇಗದ ರೈಲು ಯೋಜನೆ ತನಗೆ ನಿರಾಸೆ ತಂದಿದೆ ಎಂದೇ ಆ ದಾಖಲೆ ಶುರುವಾಗುತ್ತದೆ. ಹೊಸ ಯಂತ್ರದ ಕನಸು ಹುಟ್ಟಿದ್ದು ಹಳೆಯ ಯಂತ್ರವನ್ನು ಬೇಡ ಎನ್ನುವುದಕ್ಕಾಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ದಾಖಲೆಯಲ್ಲಿ ಒಂದು ಅಂಕಿ ಇತ್ತು, ಅದನ್ನು ಯಾವ ಶೀರ್ಷಿಕೆಯೂ ಎತ್ತಿಕೊಳ್ಳಲಿಲ್ಲ. ಒಂದು ಬಂಡಿಯಲ್ಲಿ 28 ಜನ. ಸರಾಸರಿ ಎರಡು ನಿಮಿಷಕ್ಕೊಂದು ಬಂಡಿ. ಹಾಗಾದರೆ ಗಂಟೆಗೆ 840 ಜನ. ನಮ್ಮ ನೇರಳೆ ಮಾರ್ಗದ ಆರು ಬೋಗಿಯ ಒಂದೇ ರೈಲು ಬೆಳಗಿನ ಒಂಬತ್ತು ಗಂಟೆಗೆ ಒಂದೂವರೆ, ಎರಡು ಸಾವಿರ ಜನರನ್ನು ತುಂಬಿಕೊಂಡು ಬೈಯಪ್ಪನಹಳ್ಳಿ ದಾಟುತ್ತದೆ. ಹೈಪರ್‌ಲೂಪು ಎರಡು ಗಂಟೆ ದುಡಿದು ಸಾಗಿಸುವಷ್ಟು ಜನರನ್ನು ಅದು ಒಂದೇ ಸಲಕ್ಕೆ ಹೊರುತ್ತದೆ. ಬೆಂಗಳೂರು ವಿಮಾನ ನಿಲ್ದಾಣ 2024-25ರಲ್ಲಿ 4.1 ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಂಡಿತು, ದಿನಕ್ಕೆ ಒಂದು ಲಕ್ಷ ಹತ್ತು ಸಾವಿರ ದಾಟುವ ಲೆಕ್ಕ. ಜನದಟ್ಟಣೆಯ ಹೊತ್ತಿನಲ್ಲಿ ಅರ್ಧ ನಿಮಿಷಕ್ಕೊಂದು ಬಂಡಿ ಬಿಡಬಹುದು ಎಂದೂ ಆ ದಾಖಲೆ ಹೇಳಿತ್ತು. ಬಿಡಬಹುದು. ಆದರೆ ಸೆಕೆಂಡಿಗೆ 300 ಮೀಟರ್ ಓಡುವ ಬಂಡಿಗಳ ನಡುವೆ ಅರ್ಧ ನಿಮಿಷದ ಅಂತರ ಎಂದರೆ 9 ಕಿಲೋಮೀಟರ್. ಬ್ರೇಕ್ ಹಾಕಿ ನಿಲ್ಲಲು ಬೇಕಾದದ್ದು 15 ಕಿಲೋಮೀಟರ್ ಎಂದು ಈಗಷ್ಟೇ ನೋಡಿದೆವು. ಮುಂದಿನ ಬಂಡಿ ಕೊಳವೆಯೊಳಗೆ ಏನೋ ಆಗಿ ಗಕ್ಕನೆ ನಿಂತರೆ ಹಿಂದಿನದು ಏನು ಮಾಡಬೇಕು?

ಇನ್ನು ಕೊಳವೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಗೆ ಹಿಗ್ಗುವುದು ಕೂದಲೆಳೆಗಿಂತ ಕಡಿಮೆ, ಕಣ್ಣಿಗೆ ಕಾಣುವುದಿಲ್ಲ. ಆದರೆ ಮುಂಜಾವಿಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ 100 ಕಿಲೋಮೀಟರ್ ಕೊಳವೆ ಒಟ್ಟು 36 ಮೀಟರ್ ಉದ್ದವಾಗುತ್ತದೆ. ರೈಲು ಹಳಿಗೂ ಇದೇ ತೊಂದರೆ ಇದೆ, ಅದಕ್ಕೆ ನೂರೈವತ್ತು ವರ್ಷದಿಂದ ಉಪಾಯಗಳೂ ಇವೆ. ಆದರೆ ರೈಲು ಹಳಿಯೊಳಗೆ ನಿರ್ವಾತ ಇರಬೇಕಾಗಿಲ್ಲವಲ್ಲ. ಇಲ್ಲಿ ಹಿಗ್ಗಿ ಕುಗ್ಗುವ ಪ್ರತಿ ಬೆಸುಗೆಯೂ ಗಾಳಿ ಒಳಗೆ ನುಸುಳದಂತೆ ಬಿಗಿಯಾಗಿರಬೇಕು. ಹೊರಗಿನ ಗಾಳಿಯೋ ಒಂದು ಚದರ ಮೀಟರಿಗೆ ಹತ್ತು ಟನ್ ಲೆಕ್ಕದಲ್ಲಿ ಕೊಳವೆಯನ್ನು ಹಗಲೂ ರಾತ್ರಿ ಅಮುಕುತ್ತಿರುತ್ತದೆ. ಇದು ಅಸಾಧ್ಯ ಎನ್ನುತ್ತಿಲ್ಲ. ದುಬಾರಿ. ಮತ್ತು ಆ ದುಬಾರಿ ಇರುವುದು ಕಟ್ಟುವುದರಲ್ಲಿ ಮಾತ್ರವಲ್ಲ, ಐವತ್ತು ವರ್ಷ ಕಾಪಾಡುವುದರಲ್ಲಿ.

ಗಾಳಿ ತೆಗೆದ ಕೊಳವೆಯ ರೈಲು ಹಿಂದೊಮ್ಮೆ ನಿಜಕ್ಕೂ ಓಡಿತ್ತು, ಕಾಪಾಡುವ ಕೆಲಸದಲ್ಲೇ ಸೋತಿತ್ತು. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ, 1847ರ ಸೆಪ್ಟೆಂಬರ್‌ನಲ್ಲಿ. ಎಂಜಿನಿಯರ್ ಬೇರೆ ಯಾರೂ ಅಲ್ಲ, ಆ ಕಾಲದ ಮಹಾಪ್ರತಿಭಾವಂತ ಇಸಂಬಾರ್ಡ್ ಕಿಂಗ್‌ಡಂ ಬ್ರುನೆಲ್. ಎರಡು ಹಳಿಗಳ ನಡುವೆ ಕಬ್ಬಿಣದ ಕೊಳವೆ, ಅದರೊಳಗೆ ರೈಲಿಗೆ ಜೋಡಿಸಿದ ಪಿಸ್ಟನ್, ದಾರಿಯುದ್ದಕ್ಕೂ ಪಂಪುಮನೆಗಳು. ಮುಂದಿನ ಗಾಳಿಯನ್ನು ಪಂಪು ಎಳೆದುಕೊಂಡರೆ ಹಿಂದಿನ ಗಾಳಿ ರೈಲನ್ನು ತಳ್ಳುತ್ತದೆ. ಹೊಗೆಯಿಲ್ಲ, ಕಿಡಿಯಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಮೀರಿ ಓಡಿದ ದಾಖಲೆಯೂ ಇದೆ. ಆದರೆ ಪಿಸ್ಟನ್ನನ್ನು ರೈಲಿಗೆ ಜೋಡಿಸುವ ಸರಳು ಹಾಯಲು ಕೊಳವೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಸೀಳು ಬೇಕಿತ್ತು. ಆ ಸೀಳನ್ನು ಮುಚ್ಚಲು ಚರ್ಮದ ಪಟ್ಟಿ, ಪಟ್ಟಿ ಅಂಟಿಕೊಂಡಿರಲು ಕೊಬ್ಬು ಬೆರೆತ ಜಿಡ್ಡು. ಬಿಸಿಲಿಗೆ ಜಿಡ್ಡು ಒಣಗಿತು, ಚಳಿಗೆ ಚರ್ಮ ಸೆಟೆದುಕೊಂಡಿತು. ಚರ್ಮ ಹದಮಾಡಿದ ರಸಕ್ಕೂ ಕಬ್ಬಿಣದ ತುಕ್ಕಿಗೂ ಕೂಡಿಬರದೆ ಪಟ್ಟಿ ಹರಿಯತೊಡಗಿತು. ಮೈಲುಗಟ್ಟಲೆ ಚರ್ಮ ಬದಲಾಯಿಸುವ ಖರ್ಚು ಕೇಳಿ ಷೇರುದಾರರು ಕೈಮುಗಿದರು. ಸರಿಯಾಗಿ ಒಂದು ವರ್ಷಕ್ಕೆ, 1848ರ ಸೆಪ್ಟೆಂಬರ್‌ನಲ್ಲಿ, ಅದೇ ಹಳಿಯ ಮೇಲೆ ಮಾಮೂಲಿ ಉಗಿಬಂಡಿ ಓಡಾಡಿತು. ವಿಶೇಷವೆಂದರೆ ಐರ್ಲೆಂಡಿನ ಡಾಲ್ಕಿಯಲ್ಲಿ ಇಂಥದ್ದೇ ಪುಟ್ಟ ಮಾರ್ಗವನ್ನು ಪರಿಶೀಲಿಸಿದ್ದ ರಾಬರ್ಟ್ ಸ್ಟೀಫನ್‌ಸನ್ 1844ರಲ್ಲೇ ಲೆಕ್ಕ ಹಾಕಿ, ಇದು ಕೈಗೆಟುಕುವ ಬಾಬಲ್ಲ ಎಂದು ವರದಿ ಕೊಟ್ಟಿದ್ದ. ಲೆಕ್ಕ ಇತ್ತು. ಉತ್ಸಾಹದ ಎದುರು ಯಾರೂ ಅದನ್ನು ಓದಲಿಲ್ಲ.

ನಮ್ಮ ಕಾಲದ ಕಥೆಗೆ ಮರಳೋಣ. 2018ರಲ್ಲಿ ಪುಣೆ–ಮುಂಬೈ ನಡುವೆ 25 ನಿಮಿಷದ ಹೈಪರ್‌ಲೂಪ್ ಎಂದು ಮಹಾರಾಷ್ಟ್ರ ಸರ್ಕಾರ ಇದೇ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು, ಮರುವರ್ಷ ಅದನ್ನು ಸಾರ್ವಜನಿಕ ಮೂಲಸೌಕರ್ಯ ಯೋಜನೆ ಎಂದೂ ಘೋಷಿಸಿತು. ಸರ್ಕಾರ ಬದಲಾದ ಮೇಲೆ, ಮೊದಲು ಬೇರೆ ಎಲ್ಲಾದರೂ ಓಡಲಿ ನೋಡೋಣ ಎಂದು ಅದು ಮೂಲೆ ಸೇರಿತು. ಅದು ಮೂಲೆ ಸೇರಿದ ಕೆಲವೇ ತಿಂಗಳಿಗೆ ಬೆಂಗಳೂರಿನ ಎಂಒಯು ಬಂತು! ನಮ್ಮ ವರದಿಗಳಲ್ಲಿ ಪುಣೆಯ ಪ್ರಸ್ತಾಪ ಬಂದದ್ದು ಹೆಚ್ಚಾಗಿ "ಅಲ್ಲೂ ಯೋಜನೆ ಇದೆ" ಎಂಬ ಹೆಗ್ಗಳಿಕೆಯಾಗಿ.

2020ರ ನವೆಂಬರ್ 8ರಂದು ಅಮೆರಿಕದ ನೆವಾಡ ಮರುಭೂಮಿಯಲ್ಲಿ ಕಂಪನಿಯ ಇಬ್ಬರು ಉದ್ಯೋಗಿಗಳು ಮೊದಲ ಬಾರಿಗೆ ಬಂಡಿಯೊಳಗೆ ಕೂತು 500 ಮೀಟರ್ ಹೋದರು. ಹದಿನೈದು ಸೆಕೆಂಡ್. ವೇಗ ಗಂಟೆಗೆ 172 ಕಿಲೋಮೀಟರ್. ಕೊಳವೆ ಗಿಡ್ಡದಿದ್ದುದರಿಂದ ಹೆಚ್ಚು ಓಡಿಸುವಂತಿರಲಿಲ್ಲ ಎಂಬುದೂ ನಿಜ. ಆದರೂ ನಮ್ಮ ವಂದೇ ಭಾರತ್ ರೈಲು ಅದಕ್ಕೂ ಎರಡು ವರ್ಷ ಮುಂಚೆ ಪರೀಕ್ಷಾ ಓಟದಲ್ಲಿ 180 ಮುಟ್ಟಿತ್ತು, ಹದಿನಾರು ಬೋಗಿ ಎಳೆದುಕೊಂಡು. 2022ರ ಶುರುವಿನಲ್ಲಿ ಕಂಪನಿ ನೂರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿ, ಇನ್ನು ಮನುಷ್ಯರ ಸಾಗಣೆ ಬೇಡ, ಸರಕು ಸಾಗಿಸುತ್ತೇವೆ ಎಂದಿತು. ಮರುವರ್ಷದ ಕೊನೆಗೆ ಅದೂ ಇಲ್ಲ. ಅಷ್ಟರಲ್ಲಿ ಹೂಡಿಕೆದಾರರ 40 ಕೋಟಿ ಡಾಲರಿಗೂ ಹೆಚ್ಚು ಹಣ ಖರ್ಚಾಗಿತ್ತು.

ಐಐಟಿ ಮದ್ರಾಸಿನ ತೈಯೂರು ಆವರಣದಲ್ಲಿ ವಿದ್ಯಾರ್ಥಿಗಳು ರೈಲ್ವೆಯ ನೆರವಿನಿಂದ 422 ಮೀಟರಿನ ಹೈಪರ್‌ಲೂಪ್ ಪರೀಕ್ಷಾ ಕೊಳವೆ ಕಟ್ಟಿದ್ದಾರೆ. ಅದು ಒಳ್ಳೆಯ ಕೆಲಸ. ಎಂಜಿನಿಯರಿಂಗ್ ಕಲಿಯುವುದೇ ಹಾಗೆ, ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ. ಪ್ರಯೋಗಾಲಯದ ಕೆಲಸವನ್ನು ಪ್ರಯೋಗಾಲಯದ ಕೆಲಸ ಎಂದೇ ಕರೆದರೆ ಯಾರಿಗೂ ತಕರಾರಿಲ್ಲ. 422 ಮೀಟರ್ ಕೊಳವೆಯ ಫೋಟೊ ಕೆಳಗೆ "ಬೆಂಗಳೂರು–ಚೆನ್ನೈ ಅರ್ಧ ಗಂಟೆ" ಎಂದು ಬರೆದಾಗ ತಕರಾರು.

ಇಂಥ ಉಬ್ಬರಕ್ಕೆ ಗಾರ್ಟ್‌ನರ್ ಎಂಬ ಸಲಹಾ ಸಂಸ್ಥೆ 1995ರಿಂದ ಒಂದು ರೇಖಾಚಿತ್ರ ಬಿಡಿಸುತ್ತ ಬಂದಿದೆ. ಹೊಸ ತಂತ್ರಜ್ಞಾನದ ಮೇಲಿನ ನಿರೀಕ್ಷೆ ಮೊದಲು ಶಿಖರಕ್ಕೇರುತ್ತದೆ, ಆಮೇಲೆ ಹಳ್ಳಕ್ಕೆ ಬೀಳುತ್ತದೆ, ಕೊನೆಗೆ ನಿಧಾನವಾಗಿ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲಿ ಇದಕ್ಕೆ ವೇದವಾಕ್ಯದ ಸ್ಥಾನ. ನನಗೆ ಆ ಚಿತ್ರದ ಮೇಲೆ ನಂಬಿಕೆ ಕಡಿಮೆ. ಹಳ್ಳಕ್ಕೆ ಬಿದ್ದದ್ದೆಲ್ಲ ಎದ್ದು ಬರುತ್ತದೆ ಎಂಬ ಭರವಸೆ ಆ ಗೆರೆಯಲ್ಲೇ ಅಡಗಿದೆ, ಮಾರುವವರಿಗೆ ಬೇಕಾದದ್ದೂ ಅದೇ. ಬ್ರುನೆಲ್‌ನ ಕೊಳವೆ ಮೇಲೇಳಲಿಲ್ಲ. ಅದರ ತುಂಡುಗಳು ಈಗ ಮ್ಯೂಸಿಯಮ್ಮಿನಲ್ಲಿವೆ.

ಹೂಡಿಕೆದಾರರ ಹಣ ಹೋದರೆ ಬಿಡಿ, ಅವರಿಗೆ ಅದು ಅಭ್ಯಾಸ. ನಮಗೇನು ನಷ್ಟ ಎಂದು ಕೇಳಬಹುದು. ಬೆಂಗಳೂರಿಗೆ ಆ ಎಂಒಯುವಿನಿಂದ ಹೇಳಿಕೊಳ್ಳುವ ಖರ್ಚೇನೂ ಆದಂತಿಲ್ಲ. ಆದರೆ ಕಳೆದುಹೋಗುವುದು ಹಣ ಒಂದೇ ಅಲ್ಲ. 2008ರ ಮೇ ತಿಂಗಳಲ್ಲಿ ಈ ವಿಮಾನ ನಿಲ್ದಾಣ ತೆರೆದಾಗ ಅದಕ್ಕೆ ರೈಲು ಸಂಪರ್ಕ ಇರಲಿಲ್ಲ. ಪ್ರತ್ಯೇಕವಾದ ವೇಗದ ರೈಲು ಮಾರ್ಗ ಹಾಕುವ ಯೋಜನೆ ಇತ್ತು, ಅದು ಕಾಗದದಲ್ಲೇ ಮುಗಿಯಿತು. ಆಮೇಲೆ ಬಂದ ಮಾತುಗಳೆಷ್ಟು! ಮಾನೊರೈಲು ಅಂದರು, ಪಾಡ್ ಟ್ಯಾಕ್ಸಿ ಅಂದರು, ಹೈಪರ್‌ಲೂಪ್ ಅಂದರು. ಪ್ರತಿ ಹೊಸ ಹೆಸರು ಬಂದಾಗಲೂ ಅಲ್ಲಿಯವರೆಗಿನ ಬೇಡಿಕೆ ಹಳತಾಯಿತು. ನಾಳೆ ಹತ್ತು ನಿಮಿಷದಲ್ಲಿ ಹೋಗುವವನಿಗೆ ಇವತ್ತು ಐವತ್ತು ನಿಮಿಷದ ಸಾದಾ ರೈಲು ಯಾಕೆ ಬೇಕು? ಕ್ಯಾಲಿಫೋರ್ನಿಯಾದಲ್ಲಿ ನೋಡಿದ ಸಂಗತಿ ಇದೇ. ಹೊಸದರ ಕನಸು ಹಳೆಯದರ ಕೆಲಸವನ್ನು ಮುಂದೂಡಲು ನೆವವಾಗುತ್ತದೆ. ನಡುವೆ ದೇವನಹಳ್ಳಿ ರಸ್ತೆಯ ಲೇಔಟುಗಳ ಬೋರ್ಡುಗಳಲ್ಲಿ ಮಾತ್ರ ಬರಲಿರುವ ಎಲ್ಲ ಯೋಜನೆಗಳೂ ಬಂದೇ ಬಿಟ್ಟಿರುತ್ತವೆ. ಓಡದ ಬಂಡಿಯೂ ಸೈಟಿನ ರೇಟು ಏರಿಸಬಲ್ಲದು.

ಆ ದಿಕ್ಕಿಗೆ ಹಳಿಯೇ ಇರಲಿಲ್ಲವೇ? ಇತ್ತು. ಯಲಹಂಕದಿಂದ ದೇವನಹಳ್ಳಿ, ನಂದಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ಸಣ್ಣ ಗೇಜಿನ ಕಾಲದಿಂದ, 1915ರ ಹೊತ್ತಿನಿಂದಲೂ ಇದೆ. ಆಮೇಲೆ ಅದು ಬ್ರಾಡ್‌ಗೇಜ್ ಆಯಿತು. ವಿಮಾನ ನಿಲ್ದಾಣದ ಕಾಂಪೌಂಡಿನ ಹತ್ತಿರವೇ ಅದು ಹಾದುಹೋಗುತ್ತದೆ. ಅಲ್ಲೊಂದು ಹಾಲ್ಟ್ ಸ್ಟೇಷನ್ ಕಟ್ಟಿಸಿ ಎಂಬ ಕೂಗು ವರ್ಷಗಟ್ಟಲೆ ಇತ್ತು. 2021ರ ಜನವರಿ 4ರಂದು, ಹೈಪರ್‌ಲೂಪ್ ಎಂಒಯು ಆಗಿ ಮೂರು ತಿಂಗಳಿಗೆ, ಆ ಸ್ಟೇಷನ್ನಿಗೆ ಮೊದಲ ಡೆಮು ರೈಲು ಬಂತು. ಒಂದು ಪ್ಲಾಟ್‌ಫಾರಂ, ಒಂದು ಟಿಕೆಟ್ ಕೌಂಟರು, ಟರ್ಮಿನಲ್‌ಗೆ ಕರೆದೊಯ್ಯಲು ಬಸ್ಸು. ಟಿಕೆಟ್ಟಿನ ದರ ವಿಮಾನ ನಿಲ್ದಾಣದೊಳಗಿನ ಒಂದು ಕಾಫಿಯ ಕಾಲುಭಾಗವೂ ಇರಲಿಲ್ಲ. ಹಾಗೆಂದು ಅದು ಚಮತ್ಕಾರ ಮಾಡಲಿಲ್ಲ. ಒಂಟಿ ಹಳಿ, ಬೆರಳೆಣಿಕೆಯ ರೈಲು, ವಿಮಾನದ ವೇಳೆಗೂ ರೈಲಿನ ವೇಳೆಗೂ ತಾಳೆಯಿಲ್ಲ. ಬೋಗಿಗಳು ಹೆಚ್ಚಾಗಿ ಖಾಲಿಯೇ ಓಡಿದವು. ಆದರೆ ಜೋಡಿ ಹಳಿ, ಅರ್ಧ ಗಂಟೆಗೊಂದು ರೈಲು, ಸರಿಯಾದ ವೇಳಾಪಟ್ಟಿ ಇವಕ್ಕೆ ಯಾವ ಆವಿಷ್ಕಾರವೂ ಬೇಕಾಗಿಲ್ಲ. ಅಲ್ಲಿ ಕಸ ಗುಡಿಸುವವರು, ಲಗೇಜು ಎತ್ತುವವರು, ಸೆಕ್ಯೂರಿಟಿಯವರು, ಅಡುಗೆಮನೆಯವರು ಯಲಹಂಕದಿಂದ, ದೊಡ್ಡಬಳ್ಳಾಪುರದಿಂದ, ಚಿಕ್ಕಬಳ್ಳಾಪುರದಿಂದ ದಿನಾ ಬಂದು ಹೋಗುವ ಸಾವಿರಾರು ಮಂದಿ. ತಿಂಗಳಿಗೊಮ್ಮೆ ಹಾರುವವನ ಹತ್ತು ನಿಮಿಷದ ಬಗ್ಗೆ ಎಷ್ಟೊಂದು ಪುಟ ಬರೆದೆವು. ಇವರ ಶಿಫ್ಟಿನ ಬಗ್ಗೆ ಬರೆದದ್ದು ನೆನಪಿಗೆ ಬರುತ್ತಿಲ್ಲ.

ಸಾದಾ ರೈಲಿಗೂ ಉಬ್ಬರ ತಪ್ಪಿದ್ದಲ್ಲ ಎಂಬುದನ್ನೂ ಹೇಳಬೇಕು. 15,767 ಕೋಟಿ ರೂಪಾಯಿಯ, 148 ಕಿಲೋಮೀಟರಿನ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದಾಗ ಪ್ರಧಾನಿಯವರು ಆಡಿದ್ದು 40 ತಿಂಗಳ ಮಾತು. 40 ತಿಂಗಳು ಕಳೆದವು, ರೈಲು ಓಡಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ಸಂಪಿಗೆ ಮಾರ್ಗವಂತೂ ಸಾಲಿನ ಹಿಂದೆ ಬಿತ್ತು. ಆದರೂ ಎರಡು ಬಗೆಯ ವಿಳಂಬಕ್ಕೂ ವ್ಯತ್ಯಾಸ ಇದೆ. ಇಲ್ಲಿ ಕೊರತೆ ಇರುವುದು ಜಾಗಕ್ಕೆ, ಗುತ್ತಿಗೆಗೆ, ಇಲಾಖೆಗಳ ಹೊಂದಾಣಿಕೆಗೆ. ಯಾರನ್ನು ಕೇಳಬೇಕು, ಏನು ಕೇಳಬೇಕು ಎಂಬುದು ಗೊತ್ತು. ನಿರ್ವಾತದ ಕೊಳವೆ ತಡವಾದರೆ ಯಾರ ಕೊರಳಪಟ್ಟಿ ಹಿಡಿಯುತ್ತೀರಿ?

ಹಾಗಾದರೆ ಹೊಸದೆಲ್ಲ ಜೊಳ್ಳೇ? ಜನಜೀವನ ಬದಲಿಸುವ ತಂತ್ರಜ್ಞಾನ ಬರುತ್ತಲೇ ಇರುತ್ತದೆ, ಹಲವು ಸಲ ನಾವು ನೋಡುತ್ತಿರುವ ಬಾಗಿಲಿನಿಂದ ಬರುವುದಿಲ್ಲ ಅಷ್ಟೇ. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾದಾಗ ಅದು ಬ್ಯಾಂಕಿನವರ ಸುದ್ದಿಯಾಗಿತ್ತು. ಅದೇ ವರ್ಷ ನೋಟು ರದ್ದಾದಾಗಲೂ ಅಂಗಡಿಯವರು ಪರದಾಡಿದ್ದು ಕಾರ್ಡ್ ಉಜ್ಜುವ ಮೆಷೀನಿಗೆ. ಆಮೇಲೆ ಗೆದ್ದದ್ದು ಯಾವ ಮೆಷೀನೂ ಅಲ್ಲ, ಲ್ಯಾಮಿನೇಟ್ ಮಾಡಿಸಿದ ಒಂದು ಕ್ಯೂಆರ್ ಚೀಟಿ. ವ್ಯಾಪಾರಿಗೆ ಖರ್ಚಿಲ್ಲ, ರಿಪೇರಿಯಿಲ್ಲ, ಹರಿದರೆ ಇನ್ನೊಂದು. ಗಂಟೆಗೆ ಎಷ್ಟು ಜನ, ಎಷ್ಟು ಖರ್ಚು, ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗೂ ಅದು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟಿತು. 2025ರ ಆಗಸ್ಟ್ ಹೊತ್ತಿಗೆ ದೇಶದಲ್ಲಿ ತಿಂಗಳಿಗೆ 2,000 ಕೋಟಿ ಯುಪಿಐ ವಹಿವಾಟು ನಡೆಯುತ್ತಿತ್ತು.

ಅದರ ಪರಿಣಾಮವನ್ನಾದರೂ ನಾವು ಸರಿಯಾಗಿ ಊಹಿಸಿದ್ದೆವೇ? ಊಹಿಸಲಿಲ್ಲ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ನೀವು ದಾಟಿದ್ದೀರಿ ಎಂದು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷದ ನೋಟಿಸು, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲದಿದ್ದರೂ. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತುಹಾಕಿ "ಯುಪಿಐ ಇಲ್ಲ, ನಗದು ಮಾತ್ರ" ಎಂದು ಬರೆದು ಅಂಟಿಸಿದವು. ಬಂದ್ ಕರೆ ಬಂತು, ಸರ್ಕಾರ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ತಣ್ಣಗಾಯಿತು. ಚಿಲ್ಲರೆ ಸಮಸ್ಯೆ ತೀರಿಸಲು ಬಂದ ಚೀಟಿ ಬೀದಿಬದಿಯ ವ್ಯಾಪಾರವನ್ನು ಸರ್ಕಾರದ ಕಣ್ಣಿಗೆ ಮೊದಲ ಬಾರಿಗೆ ಅಂಕಿಯಾಗಿ ತೋರಿಸಿತು. ಡಿಜಿಟಲ್ ಇಂಡಿಯಾದ ಯಾವ ಭಾಷಣದಲ್ಲೂ, ಅದನ್ನು ಬೈದವರ ಯಾವ ಲೇಖನದಲ್ಲೂ ನಾನು ಈ ಮುನ್ಸೂಚನೆ ಓದಿರಲಿಲ್ಲ.

ಎಐ ಬಗ್ಗೆಯೂ ಇದೇ ಗದ್ದಲ ಈಗ ನಡೆದಿದೆ. ಅದರ ಬಗ್ಗೆ ಇಲ್ಲಿ ಒಂದೇ ಮಾತು. 2016ರಲ್ಲಿ ಜೆಫ್ರಿ ಹಿಂಟನ್, ಮುಂದೆ ನೊಬೆಲ್ ಪಡೆದವರು, ಐದು ವರ್ಷದಲ್ಲಿ ಯಂತ್ರಗಳು ಎಕ್ಸ್‌ರೇ, ಸ್ಕ್ಯಾನುಗಳನ್ನು ರೇಡಿಯಾಲಜಿಸ್ಟರಿಗಿಂತ ಚೆನ್ನಾಗಿ ನೋಡುತ್ತವೆ, ಹೊಸಬರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ಚಿತ್ರ ನೋಡುವ ಯಂತ್ರ ನಿಜಕ್ಕೂ ಬಂತು, ಕೆಲವು ಕೆಲಸಗಳಲ್ಲಿ ಚೆನ್ನಾಗಿಯೇ ಇದೆ. ಆದರೆ ನಮ್ಮ ನೀಟ್ ಪಿಜಿ ಕೌನ್ಸೆಲಿಂಗ್‌ನಲ್ಲಿ ಮೇಲಿನ ರ‍್ಯಾಂಕಿನವರು ಇಂದಿಗೂ ಮೊದಲು ಬಾಚಿಕೊಳ್ಳುವ ಸೀಟುಗಳಲ್ಲಿ ರೇಡಿಯಾಲಜಿ ಇದೆ. ಯಾವ ರೋಗಿಗೆ ಯಾವ ಸ್ಕ್ಯಾನು ಬೇಕು, ಹಳೆಯ ಫಿಲ್ಮಿನ ಜೊತೆ ಹೋಲಿಸಿದರೆ ಏನು ಕಾಣುತ್ತದೆ, ಸೂಜಿ ಎಲ್ಲಿ ಚುಚ್ಚಬೇಕು, ವರದಿ ತಪ್ಪಾದರೆ ಸಹಿ ಯಾರದು, ಇದೆಲ್ಲ ಸೇರಿ ಒಂದು ಕೆಲಸ. ಹಿಂಟನ್ ಯಂತ್ರವನ್ನು ಚೆನ್ನಾಗಿ ಬಲ್ಲವರು. ಅವರ ಎಣಿಕೆ ಎಡವಿದ್ದು ಆಸ್ಪತ್ರೆಯ ಒಳಗೆ.

ವಿಮಾನ ನಿಲ್ದಾಣದ ದಾರಿಗೆ ಈಗ ಇನ್ನೊಂದು ಉತ್ತರ ಬಂದಿದೆ, ಹಾರುವ ಟ್ಯಾಕ್ಸಿ. 2024ರ ಅಕ್ಟೋಬರ್‌ನಲ್ಲಿ ಬಿಐಎಎಲ್ ಸಂಸ್ಥೆ ಸರ್ಲಾ ಏವಿಯೇಷನ್ ಎಂಬ ಬೆಂಗಳೂರಿನ ಕಂಪನಿಯ ಜೊತೆ ಕೈಜೋಡಿಸಿತು. ಮರುದಿನದ ಸುದ್ದಿ: ಇಂದಿರಾನಗರದಿಂದ ವಿಮಾನ ನಿಲ್ದಾಣಕ್ಕೆ ಐದೇ ನಿಮಿಷ, 1,700 ರೂಪಾಯಿ! ಊರಿನ ಹುಡುಗರು ವಿಮಾನ ಕಟ್ಟಲು ಹೊರಟಿದ್ದಾರೆ ಎಂಬುದು ಸಂತೋಷದ ವಿಷಯ. ಇದೇ ದಾರಿಯಲ್ಲಿ ಮುಂದೆ ಹೋಗಿದ್ದ ಜರ್ಮನಿಯ ಲಿಲಿಯಂ ಮತ್ತು ವೊಲೊಕಾಪ್ಟರ್ ಎರಡೂ ಆ ವರ್ಷದ ಕೊನೆಯ ತಿಂಗಳುಗಳಲ್ಲೇ ದಿವಾಳಿ ಅರ್ಜಿ ಹಾಕಿದವು ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಒಂದು ಕಿಲೊ ವಿಮಾನ ಇಂಧನದಲ್ಲಿರುವ ಶಕ್ತಿಯನ್ನು ತುಂಬಿಕೊಳ್ಳಲು ಇವತ್ತಿನ ಬ್ಯಾಟರಿ ಸುಮಾರು ನಲವತ್ತು, ಐವತ್ತು ಕಿಲೊ ಬೇಕು ಎಂಬುದನ್ನೂ ಬಿಡೋಣ. ಪೆನ್ನು ಮಾತ್ರ ತೆಗೆದುಕೊಳ್ಳಿ.

ಇಂದಿರಾನಗರದಿಂದ ವಿಮಾನ ನಿಲ್ದಾಣಕ್ಕೆ ಕಾಗೆ ಹಾರುವ ದಾರಿಯಲ್ಲಿ ಸುಮಾರು 26 ಕಿಲೋಮೀಟರ್. ಐದು ನಿಮಿಷದಲ್ಲಿ ತಲುಪಲು ಗಂಟೆಗೆ 300 ಕಿಲೋಮೀಟರ್ ಮೀರಿದ ವೇಗ ಬೇಕು. ಕಂಪನಿಯೇ ಹೇಳಿಕೊಂಡ ಗರಿಷ್ಠ ವೇಗ 250. ಏಳೋ ಎಂಟೋ ನಿಮಿಷ ಆಗಲಿ, ಅದರಲ್ಲೇನೂ ತಪ್ಪಿಲ್ಲ. ಅದರ ಜೊತೆಗೆ ಮನೆಯಿಂದ ಹಾರುವ ತಾಣಕ್ಕೆ ಹೋಗುವ ಆಟೊ, ಅಲ್ಲಿಯ ತಪಾಸಣೆ, ಕಾಯುವ ಹೊತ್ತು, ಮಳೆ ಬಂದರೆ ರದ್ದಾಗುವ ಸಂಭವ. ಒಂದು ವಿಮಾನದಲ್ಲಿ ಪೈಲಟ್ ಬಿಟ್ಟು ಆರು ಸೀಟು. ಇಂದಿರಾನಗರದ ಯಾವುದೋ ಕಟ್ಟಡದ ತಾರಸಿಯಿಂದ ಮೂರು ನಿಮಿಷಕ್ಕೊಂದು ಹಾರುತ್ತದೆ, ಒಂದೂ ತಡವಾಗುವುದಿಲ್ಲ, ಎಲ್ಲವೂ ಭರ್ತಿ, ಕೆಳಗಿನ ಮನೆಗಳವರು ಸದ್ದಿಗೆ ತಕರಾರು ತೆಗೆಯುವುದಿಲ್ಲ ಎಂದೇ ಇಟ್ಟುಕೊಳ್ಳಿ. ಗಂಟೆಗೆ ಇಪ್ಪತ್ತು ಹಾರಾಟ, 120 ಜನ. ಬಿಎಂಟಿಸಿಯ ವಾಯುವಜ್ರ ಬಸ್ಸುಗಳಾದರೆ ಅಷ್ಟಕ್ಕೆ ಮೂರು ಸಾಕು.